ವರ್ಷಕ್ಕೆ ಎಂಟು ಹಬ್ಬ, ಬಾಡಿಗೆ ಮನೆಯಲ್ಲೇ: ಗೆಲ್ಲುವವರ ಎಂಟು ಸೂತ್ರಗಳು

ಡಿಸೆಂಬರ್‌ನಲ್ಲಿ ಲಂಡನ್ನಿನ ಸೂರ್ಯ ಸಂಜೆ ನಾಲ್ಕಕ್ಕೂ ಮೊದಲೇ ಮುಳುಗುತ್ತಾನೆ. ಕೆಲಸಕ್ಕೆ ಹೋಗುವಾಗ ಕತ್ತಲು, ಬರುವಾಗಲೂ ಕತ್ತಲು. ಓದಲು, ದುಡಿಯಲು ಹೋದವರು ಕುಗ್ಗುವುದು ಅಲ್ಲೇ. ವಾರಗಳು ಒಂದರ ಹಿಂದೊಂದು ಒಂದೇ ಬಣ್ಣದಲ್ಲಿ ಉರುಳುತ್ತವೆ. ಇದಕ್ಕೆ ಆ ನೆಲದಲ್ಲೇ ಮದ್ದಿದೆ. ಬ್ರಿಟನ್, ಐರ್ಲೆಂಡ್‌ಗಳ ಇಂದಿನ ಪೇಗನ್ನರು, ಅಂದರೆ ಪ್ರಕೃತಿಯಲ್ಲೇ ದೈವವನ್ನು ಕಾಣುವವರು, ವರ್ಷವನ್ನು ಎಂಟು ಋತುಹಬ್ಬಗಳ ಚಕ್ರವಾಗಿ ಕಟ್ಟಿಕೊಂಡಿದ್ದಾರೆ. ಗುಡಿ ಬೇಕಿಲ್ಲ, ಪುರೋಹಿತರು ಬೇಕಿಲ್ಲ, ಒಂದು ರೂಮು ಸಾಕು. ಶುರು ಮಾಡಿ.

1. ಕ್ಯಾಲೆಂಡರ್ ಇವತ್ತೇ ಬ್ಲಾಕ್ ಮಾಡಿ.
ಸೌವಿನ್, ಅಕ್ಟೋಬರ್ 31. ಯೂಲ್, ಡಿಸೆಂಬರ್ 21ರ ಆಸುಪಾಸು. ಇಂಬೋಲ್ಕ್, ಫೆಬ್ರವರಿ 1. ಓಸ್ಟಾರಾ, ಮಾರ್ಚ್ 20ರ ಸುಮಾರು. ಬೆಲ್ಟೇನ್, ಮೇ 1. ಲಿಥಾ, ಜೂನ್ 21ರ ಸುಮಾರು. ಲೂನಸಾ, ಆಗಸ್ಟ್ 1. ಮೇಬನ್, ಸೆಪ್ಟೆಂಬರ್ 22ರ ಸುಮಾರು. ಆರೇಳು ವಾರಕ್ಕೊಂದು ರಿಮೈಂಡರ್ ಹಾಕಿ. 'ಟೈಮ್ ಸಿಕ್ಕರೆ ನೋಡೋಣ' ಎಂದ ಹಬ್ಬ ಬರುವುದೇ ಇಲ್ಲ.

2. ಅಂಗಡಿಗೆ ಓಡುವ ಮೊದಲು ಆಕಾಶ ನೋಡಿ.
ಎಂಟರಲ್ಲಿ ನಾಲ್ಕು ಸೂರ್ಯನ ಹಬ್ಬ: ಅತಿ ಗಿಡ್ಡ ಹಗಲಿನ ಯೂಲ್, ಅತಿ ಉದ್ದ ಹಗಲಿನ ಲಿಥಾ, ಹಗಲು ರಾತ್ರಿ ಸಮವಾಗುವ ಓಸ್ಟಾರಾ ಮತ್ತು ಮೇಬನ್. ನಾವು ಉತ್ತರಾಯಣವನ್ನು ಸಂಕ್ರಾಂತಿಗೆ ಎಣಿಸುತ್ತೇವೆ. ಆದರೆ ಸೂರ್ಯ ಉತ್ತರಕ್ಕೆ ತಿರುಗುವುದು ಯೂಲ್ ದಿನವೇ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಲೆಕ್ಕ ಹಾಕುತ್ತದೆ; ಭೂಮಿಯ ಅಕ್ಷ ಬುಗುರಿಯಂತೆ ತೂಗುವುದರಿಂದ ಸಂಕ್ರಾಂತಿ ಜನವರಿ 14-15ಕ್ಕೆ ಸರಿದಿದೆ. ಐರ್ಲೆಂಡಿನ ನ್ಯೂಗ್ರೇಂಜ್‌ನಲ್ಲಿ 5,000 ವರ್ಷ ಹಿಂದಿನ ಕಲ್ಲಿನ ಸಮಾಧಿಯೊಳಕ್ಕೆ ಯೂಲ್ ಆಸುಪಾಸಿನ ಕೆಲವೇ ಮುಂಜಾನೆಗಳಲ್ಲಿ ಸುಮಾರು 17 ನಿಮಿಷ ಬಿಸಿಲು ನುಗ್ಗುತ್ತದೆ. ಒಳಗೆ ನಿಂತು ನೋಡಲು ಲಾಟರಿಯಲ್ಲಿ ಹೆಸರು ಬರಬೇಕು. ನಿಮಗೆ ಪೂರ್ವದ ಕಿಟಕಿ ಸಾಕು. ಅಲಾರಂ ಇಡಿ, ಸೂರ್ಯ ಎಲ್ಲಿ ಹುಟ್ಟಿದ ಎಂದು ಫೋಟೋ ತೆಗೆಯಿರಿ.

3. ಒಂದು ಶೆಲ್ಫ್ ಮೀಸಲಿಡಿ.
ಅದೇ ನಿಮ್ಮ ಪೀಠ. ಋತು ಬದಲಾದಂತೆ ಅದನ್ನೂ ಬದಲಿಸಿ: ಚಳಿಗಾಲಕ್ಕೆ ಪೈನ್ ಕಾಯಿ, ವಸಂತಕ್ಕೆ ಡ್ಯಾಫೊಡಿಲ್, ಸುಗ್ಗಿಗೆ ಗೋಧಿ ತೆನೆ. ದುಡ್ಡು ಸುರಿಯಬೇಡಿ, ಪಾರ್ಕಿನಲ್ಲಿ ಬಿದ್ದದ್ದನ್ನು ಆಯ್ದು ತನ್ನಿ. ಆಯಲು ಬಗ್ಗಿದವನಿಗೆ ಮಾತ್ರ ಋತು ಕಾಣುತ್ತದೆ.

4. ಒಂದು ಹಬ್ಬಕ್ಕೆ ಒಂದೇ ಕೆಲಸ.
ಇಂಬೋಲ್ಕ್‌ಗೆ ಜೊಂಡಿನಲ್ಲಿ ಬ್ರಿಜಿಡ್ ಶಿಲುಬೆ ಹೆಣೆದು ಬಾಗಿಲ ಮೇಲೆ ತೂಗುಹಾಕಿ. ಬ್ರಿಜಿಡ್ ಹಳೆಯ ಕಾಲಕ್ಕೆ ದೇವತೆ, ಆಮೇಲೆ ಕ್ರೈಸ್ತರ ಸಂತಳು. 2023ರಿಂದ ಅವಳ ಹೆಸರಲ್ಲಿ ಐರ್ಲೆಂಡಿನಲ್ಲಿ ಸರ್ಕಾರಿ ರಜೆಯೂ ಇದೆ. ಓಸ್ಟಾರಾಗೆ ಕಿಟಕಿಯ ಕುಂಡದಲ್ಲಿ ಮೆಂತ್ಯ ಬಿತ್ತಿ. ಲೂನಸಾಗೆ ಬ್ರೆಡ್ ಬೇಯಿಸಿ, ಅದು ಹೊಸ ಬೆಳೆಯ ಹಬ್ಬ. ಹತ್ತು ಐಟಂ ಪ್ಲಾನ್ ಮಾಡಿದವರು ಮೂರನೇ ಹಬ್ಬಕ್ಕೆ ಸುಸ್ತಾಗಿ ಕೂರುತ್ತಾರೆ.

5. ಸೌವಿನ್‌ಗೆ ಎಡೆ ಇಡಿ.
ಎಂಟರಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಸುಗ್ಗಿ ಮುಗಿದು ಕತ್ತಲು ಶುರುವಾಗುವ ರಾತ್ರಿ ಇದು. ಹಿರಿಯರು ಮನೆಗೆ ಬರುತ್ತಾರೆ ಎಂಬ ನಂಬಿಕೆ. ಅನೇಕ ಪೇಗನ್ನರು ಒಂದು ಕುರ್ಚಿ ಖಾಲಿ ಬಿಟ್ಟು, ತಟ್ಟೆ ಬಡಿಸಿ, ಮಾತಿಲ್ಲದೆ ಊಟ ಮಾಡುತ್ತಾರೆ. ಪಿತೃಪಕ್ಷದಲ್ಲಿ ಎಡೆ ಇಟ್ಟು ಕಾಗೆಗೆ ಕಾದ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಜ್ಜಿಗೆ ಇಷ್ಟವಾದದ್ದನ್ನೇ ಮಾಡಿ. ಫೋನ್ ಬೇರೆ ರೂಮಿನಲ್ಲಿಡಿ. ಕುಂಬಳಕಾಯಿ ದೀಪ ಅಮೆರಿಕದ ಬಳುವಳಿ, ಐರಿಷರು ಮೊದಲು ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆ. ಧೈರ್ಯವಿದ್ದರೆ ಅದನ್ನೇ ಕೊರೆಯಿರಿ, ತೋಳಿಗೆ ವ್ಯಾಯಾಮ ಆಗುತ್ತದೆ.

6. ಬೆಂಕಿಯ ಜೊತೆ ಬುದ್ಧಿಯನ್ನೂ ಬಳಸಿ.
ಬೆಲ್ಟೇನ್‌ಗೆ ಐರ್ಲೆಂಡಿನಲ್ಲಿ ದನಗಳನ್ನು ಎರಡು ಬೆಂಕಿಗಳ ನಡುವೆ ಓಡಿಸುತ್ತಿದ್ದರು, ರೋಗ ತಟ್ಟದಿರಲಿ ಎಂದು. ಮಂಡ್ಯದ ಕಡೆಯವರಿಗೆ ಸಂಕ್ರಾಂತಿಯ ಕಿಚ್ಚು ಹಾಯಿಸುವುದು ನೆನಪಾಗಲೇಬೇಕು. ದೊಡ್ಡ ಬೆಂಕಿ ಬೇಕೆ? ಎಡಿನ್‌ಬರೋದ ಕಾಲ್ಟನ್ ಗುಡ್ಡಕ್ಕೆ ಹೋಗಿ, 1988ರಲ್ಲಿ ಶುರುವಾದ ಬೆಲ್ಟೇನ್ ಉತ್ಸವ ಏಪ್ರಿಲ್ 30ರ ರಾತ್ರಿ ಅಲ್ಲಿ ನಡೆಯುತ್ತದೆ. ಫ್ಲ್ಯಾಟಿನಲ್ಲಿ ಗಾಜಿನ ಲೋಟದೊಳಗೆ ಒಂದೇ ಮೇಣದಬತ್ತಿ ಹಚ್ಚಿ, ಪರದೆಯಿಂದ ದೂರ ಇಡಿ. ಯೂಲ್‌ಗೆ ತಂದ ಮಿಸಲ್‌ಟೋ, ಹಾಲಿ ಹಣ್ಣು ಮಕ್ಕಳ ಕೈಗೆ ಎಟುಕದಿರಲಿ, ಎರಡೂ ವಿಷ. ಫೈರ್ ಅಲಾರಂ ಹೊಡೆದುಕೊಂಡರೆ ಹಬ್ಬಕ್ಕೂ ಕುತ್ತು, ಡೆಪಾಸಿಟ್‌ಗೂ ಕುತ್ತು.

7. 'ಇದೆಲ್ಲ ನಿಜವಾಗಿ ಹಳೆಯದಾ?' ಎಂಬ ಚಟ ಬಿಡಿ.
ಉತ್ತರ ತಿಳಿದುಕೊಂಡು ಮುಂದೆ ಸಾಗಿ. ಸೌವಿನ್, ಇಂಬೋಲ್ಕ್, ಬೆಲ್ಟೇನ್, ಲೂನಸಾ ಮಧ್ಯಯುಗದ ಐರಿಷ್ ಬರಹಗಳಲ್ಲೇ ಇವೆ. ಎಂಟನ್ನೂ ಒಂದೇ ಚಕ್ರಕ್ಕೆ ಪೋಣಿಸಿದ್ದು 20ನೇ ಶತಮಾನದ ಮಧ್ಯಭಾಗದ ಬ್ರಿಟನ್ನಿನಲ್ಲಿ, ಪೇಗನ್ ಚಳವಳಿಯ ಮುಂದಾಳುಗಳಾದ ಜೆರಾಲ್ಡ್ ಗಾರ್ಡ್ನರ್, ರಾಸ್ ನಿಕೋಲ್ಸ್ ಅವರ ಬಳಗಗಳು. ಮೇಬನ್ ಎಂಬ ಹೆಸರು ಅಂಟಿದ್ದು 1970ರ ದಶಕದ ಅಮೆರಿಕದಲ್ಲಿ. ದಾರ ಹೊಸದು, ಮಣಿಗಳಲ್ಲಿ ಹಲವು ಹಳೆಯವು. ಯಾರಾದರೂ ಮೂಗು ಮುರಿದರೆ ಇಷ್ಟು ಹೇಳಿ, ಬ್ರೆಡ್ ತುಂಡು ಕೈಗಿಡಿ.

8. ನಿಮ್ಮ ನೆಲಕ್ಕೆ ತಕ್ಕಂತೆ ಚಕ್ರ ತಿರುಗಿಸಿ.
ಸಿಡ್ನಿ, ಮೆಲ್ಬರ್ನ್‌ಗಳಲ್ಲಿದ್ದೀರಾ? ಯೂಲ್ ಜೂನ್‌ಗೆ, ಲಿಥಾ ಡಿಸೆಂಬರ್‌ಗೆ. ಅಲ್ಲಿನ ಬಹಳಷ್ಟು ಪೇಗನ್ನರು ಹಾಗೇ ಮಾಡುತ್ತಾರೆ. ಸೆಖೆಯಲ್ಲಿ ಬೆವರುತ್ತಾ ಚಳಿಗಾಲದ ಹಬ್ಬ ಮಾಡಿದರೆ ಅದು ಬರೀ ನಾಟಕ.

ಒಂದು ಹಬ್ಬ ತಪ್ಪಿತೇ? ಹಳಹಳಿಸಬೇಡಿ. ಚಕ್ರಕ್ಕೆ ಆರಂಭದ ಬಿಂದು ಎಂಬುದಿಲ್ಲ. ನೀವು ಇದನ್ನು ಯಾವತ್ತು ಓದುತ್ತಿದ್ದರೂ ಮುಂದಿನ ಹಬ್ಬ ಎಂಟು ವಾರದೊಳಗೇ ಇದೆ. ಮೇಣದಬತ್ತಿ ತಂದಿಡಿ.