ನೆರವಿಗೆ ಹೊರಟವರೂ ಕ್ಷೇಮವಾಗಿ ಮರಳಬೇಕು

ನಮ್ಮ ಕಡೆ ಕಾಲಿಗೆ ತಳೆ ಹಾಕದೆ ಅಡಿಕೆ ಮರ ಹತ್ತುವವರಿಲ್ಲ. ಎಷ್ಟೇ ಧೈರ್ಯಶಾಲಿಯಾದರೂ ಹೊಸಬನನ್ನು ಮಳೆಗಾಲದಲ್ಲಿ ಮದ್ದು ಬಿಡಲು ಮರಕ್ಕೆ ಹತ್ತಿಸುವುದಿಲ್ಲ. ಆದರೆ ಇದೇ ಮನೆಗಳ ಮಗಳು ದಾದಿಯಾಗಿ ಗಲಭೆಯ ನಾಡಿನ ಆಸ್ಪತ್ರೆಗೆ ಹೊರಟಾಗ, ಮಗ ನೆರೆಪೀಡಿತರಿಗೆ ಅಕ್ಕಿ ಹಂಚಲು ಹೊರಟಾಗ, "ನಿನ್ನ ರಕ್ಷಣೆಗೆ ಏನು ಕಲಿಸಿದ್ದಾರೆ?" ಎಂದು ಕೇಳುವವರು ಕಡಿಮೆ. ಈ ಸಲ ನಾವು ಆ ವಿಷಯವನ್ನೇ ತಿಳಿದುಕೊಳ್ಳೋಣ.

ನಡೆದ ಸಂಗತಿಗಳು

2014ರ ಜೂನ್‌ನಲ್ಲಿ ಇರಾಕಿನ ತಿಕ್ರಿತ್ ಆಸ್ಪತ್ರೆಯಲ್ಲಿ 46 ಮಂದಿ ಭಾರತೀಯ ದಾದಿಯರು ಯುದ್ಧದ ನಡುವೆ ಸಿಕ್ಕಿಕೊಂಡರು. ಹೆಚ್ಚಿನವರು ಕೇರಳದವರು. ಅವರು ಗುಂಪು ಬಿಟ್ಟು ಚದುರಲಿಲ್ಲ. ಫೋನಿನಲ್ಲಿ ರಾಯಭಾರ ಕಚೇರಿಯ ಸಂಪರ್ಕ ಕಡಿದುಕೊಳ್ಳಲಿಲ್ಲ. ಜುಲೈ 5ರಂದು ಎಲ್ಲರೂ ಕೊಚ್ಚಿಗೆ ಬಂದಿಳಿದರು. ಅದೇ ವರ್ಷ ಜೂನ್ 2ರಂದು ಅಫಘಾನಿಸ್ತಾನದ ಹೆರಾತ್ ಪ್ರಾಂತ್ಯದಲ್ಲಿ ನಿರಾಶ್ರಿತರ ಮಕ್ಕಳಿಗಾಗಿ ದುಡಿಯುತ್ತಿದ್ದ ಯೇಸುಸಭೆಯ ವಂ. ಅಲೆಕ್ಸಿಸ್ ಪ್ರೇಮ್ ಕುಮಾರ್ ಅವರ ಅಪಹರಣವಾಯಿತು. ಅವರಿಗೆ ಬಿಡುಗಡೆ ದೊರೆತದ್ದು 2015ರ ಫೆಬ್ರವರಿಯಲ್ಲಿ.

2016ರ ಮಾರ್ಚ್ 4ರಂದು ಯೆಮನಿನ ಏಡನ್ ನಗರದ ವೃದ್ಧಾಶ್ರಮಕ್ಕೆ ಬಂದೂಕುಧಾರಿಗಳು ನುಗ್ಗಿ, ಮದರ್ ತೆರೇಸಾ ಸಭೆಯ ನಾಲ್ವರು ಧರ್ಮಭಗಿನಿಯರೂ ಸೇರಿ 16 ಮಂದಿಯನ್ನು ಕೊಂದರು. ಅಲ್ಲಿದ್ದ ಕೇರಳದ ವಂ. ಟಾಮ್ ಉಝುನ್ನಾಲಿಲ್ ಅವರನ್ನು ಸೆರೆಯೊಯ್ದರು. ಅವರು ಬಿಡುಗಡೆಯಾದದ್ದು 2017ರ ಸೆಪ್ಟೆಂಬರ್ 12ರಂದು.

ಹಿಂದೆ ರೆಡ್ ಕ್ರಾಸ್ ಗುರುತೇ ಸಾಕಷ್ಟು ರಕ್ಷಣೆ ಎಂಬ ನಂಬಿಕೆಯಿತ್ತು. 1996ರ ಡಿಸೆಂಬರ್‌ನಲ್ಲಿ ಚೆಚೆನ್ಯದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಆರು ಮಂದಿ ಸಿಬ್ಬಂದಿಯ ಹತ್ಯೆ ನಡೆಯಿತು. 2003ರ ಆಗಸ್ಟ್ 19ರಂದು ಬಾಗ್ದಾದಿನ ವಿಶ್ವಸಂಸ್ಥೆಯ ಕಚೇರಿಯ ಬಳಿ ಬಾಂಬು ಸ್ಫೋಟಿಸಿ 22 ಮಂದಿ ಸತ್ತರು. ಆ ನಂಬಿಕೆ ಸಡಿಲಾಗಿ, ತರಬೇತಿಗೆ ಮಹತ್ವ ಹೆಚ್ಚಿತು.

ತರಬೇತಿಯಲ್ಲಿ ಕಲಿಸುವುದೇನು?

ಸಾಮಾನ್ಯವಾಗಿ ಮೂರರಿಂದ ಐದು ದಿನ. ಪಾಠ ಕೇಳಿದರೆ ಸಾಲದು, ಮಾಡಿ ಕಲಿಯಬೇಕು. ಮುಖ್ಯ ಅಂಶಗಳು ಇವು:

1. ಪ್ರಯಾಣ: ಯಾವ ದಾರಿ, ಎಷ್ಟು ಹೊತ್ತಿಗೆ ತಲುಪುವುದು ಎಂದು ಮೊದಲೇ ತಿಳಿಸಿ ಹೊರಡಬೇಕು. ಹೇಳಿದ ಹೊತ್ತಿಗೆ ಸುದ್ದಿ ಬಾರದಿದ್ದರೆ ಕಚೇರಿಯವರು ಹುಡುಕಲು ತೊಡಗುತ್ತಾರೆ.

2. ತಪಾಸಣೆಯ ಗೇಟು: ವೇಗ ತಗ್ಗಿಸಿ, ಕೈಗಳು ಕಾಣುವಂತೆ ಇಟ್ಟು, ಒಬ್ಬರೇ ಶಾಂತವಾಗಿ ಮಾತಾಡಬೇಕು. ಫೋಟೋ ತೆಗೆಯಕೂಡದು.

3. ಗುಂಡಿನ ಸದ್ದು ಕೇಳಿದರೆ ಮೊದಲು ನೆಲಕ್ಕೆ ಒರಗಬೇಕು. ಕಾರಿನ ಬಾಗಿಲು ಗುಂಡನ್ನು ತಡೆಯದು. ದಪ್ಪ ಗೋಡೆ ತಡೆದೀತು.

4. ನೆಲಬಾಂಬಿನ ಸಂಶಯ ಬಂದರೆ ಅಲ್ಲೇ ನಿಂತು, ಜೊತೆಯವರನ್ನು ಎಚ್ಚರಿಸಿ, ನೆರವು ಕರೆಯಬೇಕು. ಕುತೂಹಲಕ್ಕೆ ಏನನ್ನೂ ಮುಟ್ಟಬಾರದು.

5. ಪ್ರಥಮ ಚಿಕಿತ್ಸೆ: ಸುರಿಯುವ ರಕ್ತವನ್ನು ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ನಿಲ್ಲಿಸುವುದು.

6. ಅಪಹರಣ: ಮೊದಲ ಗಳಿಗೆಗಳೇ ಅತ್ಯಂತ ಅಪಾಯದವು. ಎದುರುತ್ತರ ಕೊಡಬಾರದು. ಅನಂತರ ಕೊಟ್ಟದ್ದನ್ನು ಉಂಡು, ದಿನಗಳ ಲೆಕ್ಕವಿಟ್ಟು, ಮನಸ್ಸನ್ನು ಕಾಪಾಡಿಕೊಳ್ಳಬೇಕು. ಸೆರೆಯಲ್ಲಿರುವವರು ಜೀವಂತ ಇದ್ದಾರೆಯೇ ಎಂದು ಖಚಿತಪಡಿಸಲು, ಮನೆಯವರಿಗೆ ಮಾತ್ರ ಗೊತ್ತಿರುವ ಪ್ರಶ್ನೆ-ಉತ್ತರಗಳನ್ನು ಮೊದಲೇ ಬರೆಸಿಟ್ಟಿರುತ್ತಾರೆ. ಮನೆಯ ಮೊದಲ ಹಸುವಿನ ಹೆಸರೇನು ಎಂಬಂಥ ಪ್ರಶ್ನೆ ಇದಕ್ಕೆ ಸಾಕು.

ಇಷ್ಟೆಲ್ಲ ಕಲಿತರೂ ಎಲ್ಲ ಅಪಾಯ ತಪ್ಪದು. 2024ರಲ್ಲಿ ಜಗತ್ತಿನಲ್ಲಿ 380ಕ್ಕೂ ಹೆಚ್ಚು ನೆರವು ಕಾರ್ಯಕರ್ತರು ಹತರಾದರು. ಅವರಲ್ಲಿ ಬಹುಪಾಲು ಅಲ್ಲಿನ ಊರಿನವರೇ. ಆದುದರಿಂದ ತರಬೇತಿ, ವಾಹನ, ವಿಮೆ ಇವೆಲ್ಲ ಹೊರಗಿನಿಂದ ಬಂದವರಿಗೆ ಮಾತ್ರವಲ್ಲದೆ ಸ್ಥಳೀಯ ಚಾಲಕನಿಗೂ ಅಡಿಗೆಯವನಿಗೂ ಸಿಗಬೇಕು. ಊರವರ ವಿಶ್ವಾಸವೂ ದೊಡ್ಡ ಕಾವಲು. ಪಕ್ಷಭೇದವಿಲ್ಲದೆ ಸೇವೆ ಮಾಡಿದವರಿಗೆ "ಇವತ್ತು ಆ ದಾರಿಯಲ್ಲಿ ಹೋಗಬೇಡಿ" ಎಂದು ಮೊದಲು ಹೇಳುವವರು ಊರವರೇ.

ನಮ್ಮ ಊರಿನಲ್ಲಿಯೂ ಇದೇ ಪಾಠ

ನಮ್ಮಲ್ಲಿ ಯುದ್ಧವಿಲ್ಲ. ಆದರೆ ಬಾವಿ, ಸುರಂಗ, ಗೋಬರ್ ಗ್ಯಾಸ್ ಗುಂಡಿಗಳಿವೆ. 2015ರ ನವೆಂಬರ್ 26ರಂದು ಕೋಝಿಕ್ಕೋಡಿನಲ್ಲಿ ಚರಂಡಿಯ ಗುಂಡಿಯೊಳಗೆ ಸಿಲುಕಿದ ಇಬ್ಬರು ಕೂಲಿಯವರನ್ನು ಉಳಿಸಲು ಆಟೋ ಚಾಲಕ ನೌಷಾದ್ ಇಳಿದರು. ಮೂವರೂ ತೀರಿಕೊಂಡರು. ಅವರ ತ್ಯಾಗ ದೊಡ್ಡದು. ಅದರಿಂದ ನಾವು ಕಲಿಯಬೇಕಾದ ಪಾಠವೂ ಇದೆ. ಕೆಟ್ಟ ಗಾಳಿಯ ಗುಂಡಿಗೆ ಉಸಿರಾಟದ ಉಪಕರಣವಿಲ್ಲದೆ ಯಾರೂ ಇಳಿಯಕೂಡದು. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆಯನ್ನು ನಂಬಬಾರದು: ವಿಷದ ಗಾಳಿಯಲ್ಲಿಯೂ ದೀಪ ಉರಿದೀತು, ಗೋಬರ್ ಗ್ಯಾಸ್ ಇದ್ದಲ್ಲಿ ಬೆಂಕಿಯೇ ಹತ್ತೀತು. ಕೂಡಲೇ 101 ಅಥವಾ 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು. ಬಿದ್ದವರಿಗೆ ಎಚ್ಚರವಿದ್ದರೆ ಮೇಲಿನಿಂದಲೇ ಹಗ್ಗ ಇಳಿಸಿಕೊಡಬಹುದು.

2018ರ ಮಹಾಪ್ರವಾಹದ ನಂತರ ಕೇರಳದಲ್ಲಿ ಇಲಿಜ್ವರ ಹಬ್ಬಿ ಹಲವರು ಸತ್ತರು. ನೆರೆನೀರಿಗೆ ಇಳಿಯುವ ಸ್ವಯಂಸೇವಕರು ಬೂಟು, ಕೈಗವಸು ಧರಿಸಬೇಕು, ಗಾಯವನ್ನು ಮುಚ್ಚಿಕೊಳ್ಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಡಾಕ್ಸಿಸೈಕ್ಲಿನ್ ಮಾತ್ರೆ ಪಡೆಯಬೇಕು. ಜ್ವರ, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ, ನೀರಿಗೆ ಇಳಿದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕಳುಹಿಸುವ ಸಂಸ್ಥೆ ಯಾವುದು, ಅದರ ಬಗ್ಗೆ ನೋರ್ಕಾದಲ್ಲಿ ವಿಚಾರಿಸಿದ್ದೀರಾ? ಸುರಕ್ಷತೆಯ ತರಬೇತಿ ಎಷ್ಟು ದಿನ? ವಿಮೆ ಇದೆಯೇ? ಪರಿಸ್ಥಿತಿ ಕೆಟ್ಟರೆ ಕರೆತರುವವರು ಯಾರು? ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸುವುದು ಯಾವಾಗ? ಪಾಸ್‌ಪೋರ್ಟಿನ ಪ್ರತಿ ಮನೆಯಲ್ಲಿ ಇದೆಯೇ? "ನನಗೆ ಭಯವಾಗುತ್ತಿದೆ, ಹಿಂದಿರುಗುತ್ತೇನೆ" ಎಂದರೆ ತಡೆಯಿಲ್ಲದೆ ಕಳುಹಿಸಿಕೊಡುತ್ತಾರೆಯೇ?

ಕೊನೆಯ ಪ್ರಶ್ನೆಗೆ ನೇರ ಉತ್ತರ ಸಿಗದಿದ್ದರೆ, ಸಂಬಳ ಎಷ್ಟೇ ಇರಲಿ, ಒಪ್ಪಿಗೆ ಕೊಡುವ ಮುನ್ನ ಮನೆಯವರೆಲ್ಲ ಕೂತು ಇನ್ನೊಮ್ಮೆ ಯೋಚಿಸಬೇಕು. ಮಕ್ಕಳು ಹಿಂದಿರುಗುತ್ತೇನೆಂದು ಫೋನು ಮಾಡಿದರೆ ಸಾಲದ ಮಾತು ಎತ್ತದೆ "ಬಾ ಮಗಾ" ಎನ್ನುವ ಧೈರ್ಯ ಮನೆಯಲ್ಲಿಯೂ ಇರಬೇಕು.