ಗಾಯ ಮಾಯ್ದರೂ ಮಾಯದ ನೋವು

ಮುರಿದ ಎಲುಬು ಕೂಡಿದ ಮೇಲೆ ನೋವು ದಿನೇ ದಿನೇ ಇಳಿಯತಕ್ಕದ್ದೆಂದು ನಾವೆಲ್ಲರೂ ಬಲ್ಲೆವು. ಆದರೆ ಕೆಲವರಲ್ಲಿ ಹಾಗಾಗುವದಿಲ್ಲ. ಬಾವಿಕಟ್ಟೆಯ ಬಳಿ ಕಾಲು ಜಾರಿ ಮಣಿಕಟ್ಟು ಮುರಿದುಕೊಂಡ ಒಬ್ಬ ಹೆಂಗಸನ್ನು ನೆನಸಿಕೊಳ್ಳಿರಿ. ಆರು ವಾರಗಳ ತರುವಾಯ ಪ್ಲಾಸ್ಟರಿನ ಕಟ್ಟನ್ನು ಬಿಚ್ಚಿ, ಎಲುಬು ನೆಟ್ಟಗೆ ಕೂಡಿದೆ ಎಂದು ವೈದ್ಯರು ಹೇಳಿದರು. ಆದರೂ ಅವಳ ಕೈ ಬಾತುಕೊಂಡು ಮಿರುಗುತ್ತದೆ; ಬೆರಳುಗಳು ಮಡಚವು; ಸೆರಗಿನ ಅಂಚು ತಾಕಿದರೂ ಕೆಂಡ ಮುಟ್ಟಿದವಳಂತೆ ಕೂಗುತ್ತಾಳೆ. ಮನೆಯವರು ಮೊದಲು ಮರುಗುವರು, ಆಮೇಲೆ ಬೇಸರಗೊಳ್ಳುವರು, ಕಡೆಗೆ ಕೆಲಸಕ್ಕೆ ಅಂಜಿ ನೆವ ಹೇಳುತ್ತಾಳೆಂದು ಪಿಸುಗುಟ್ಟುವರು. ಯಾರೋ ಮಾಟ ಮಾಡಿಸಿದ್ದಾರೆಂದು ಹೇಳುವವರೂ ಉಂಟು. ಈ ಎರಡು ಮಾತುಗಳೂ ಸುಳ್ಳೇ. ಇದು ಒಂದು ರೋಗ. ಇದಕ್ಕೆ ಹೆಸರುಂಟು, ಗುರುತುಗಳುಂಟು, ಚಿಕಿತ್ಸೆಯೂ ಉಂಟು.

೧೯೯೪ನೇ ಇಸವಿಯಿಂದ ವೈದ್ಯರು ಇದನ್ನು ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್ ಎಂದು ಕರೆಯುತ್ತಾರೆ, ಸಿ.ಆರ್.ಪಿ.ಎಸ್. ಎಂಬುದು ಅದರ ಚಿಕ್ಕ ಹೆಸರು. ಹೆಸರು ಹೊಸದಾದರೂ ರೋಗ ಹಳೆಯದು. ಅಮೇರಿಕ ದೇಶದಲ್ಲಿ ೧೮೬೧ರಿಂದ ೧೮೬೫ರ ವರೆಗೆ ನಡೆದ ಅಂತರ್ಯುದ್ಧದಲ್ಲಿ ಗುಂಡು ತಗಲಿ ನರಗಳು ಕೆಟ್ಟ ಸಿಪಾಯಿಗಳನ್ನು ಫಿಲಡೆಲ್ಫಿಯ ಪಟ್ಟಣದ ವೈದ್ಯರಾದ ವಿಯರ್ ಮಿಚೆಲ್ ಎಂಬವರು ನೋಡಿಕೊಂಡರು. ತಮ್ಮ ಇಬ್ಬರು ಜೊತೆಗಾರರೊಂದಿಗೆ ೧೮೬೪ರಲ್ಲಿ ಅದನ್ನು ಕುರಿತು ಪುಸ್ತಕವನ್ನೂ ಬರೆದರು. ಅವರ ರೋಗಿಗಳಲ್ಲಿ ಕೆಲವರು ಉರಿಯನ್ನು ತಾಳಲಾರದೆ ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. ಕಾಗದದ ಸಪ್ಪಳಕ್ಕೂ, ಪಕ್ಕದಲ್ಲಿ ನಡೆಯುವವನ ಹೆಜ್ಜೆಗೂ ಅವರ ನೋವು ಹೆಚ್ಚುತ್ತಿತ್ತು. ಗುಂಡಿಗೆ ಎದೆಯೊಡ್ಡಿದ ಸಿಪಾಯಿಗಳು ಕಾಗದದ ಸಪ್ಪಳಕ್ಕೆ ನೆವ ಹೂಡುತ್ತಿದ್ದರೆಂದು ಯಾರು ಹೇಳುವರು?

ಹಾಗಾದರೆ ಗುರುತಿಸುವದು ಹೇಗೆ? ೨೦೦೩ರಲ್ಲಿ ಬುಡಾಪೆಸ್ಟ್ ಪಟ್ಟಣದಲ್ಲಿ ಕೂಡಿದ ವೈದ್ಯರು ನಾಲ್ಕು ಬಗೆಯ ಗುರುತುಗಳನ್ನು ಗೊತ್ತುಮಾಡಿದರು. ಮುಟ್ಟಿದರೆ ಮಿತಿಮೀರಿ ನೋಯುವದು ಒಂದು. ಒಂದು ಕೈ ಇನ್ನೊಂದಕ್ಕಿಂತ ಬಿಸಿಯಾಗಿ ಇಲ್ಲವೆ ತಣ್ಣಗಾಗಿ, ಕೆಂಪಾಗಿ ಇಲ್ಲವೆ ನೀಲಿಯಾಗಿ ತೋರುವದು ಮತ್ತೊಂದು. ಬಾವು ಬರುವದು, ಒಂದೇ ಕೈ ಹೆಚ್ಚಾಗಿ ಬೆವರುವದು ಮೂರನೆಯದು. ಕೈ ಬಿಗಿದು ಬಲಗುಂದುವದು, ಅದರ ಉಗುರು ಕೂದಲುಗಳು ಬೇರೆ ರೀತಿಯಾಗಿ ಬೆಳೆಯುವದು ನಾಲ್ಕನೆಯದು. ಇವುಗಳಲ್ಲಿ ಮೂರು ಬಗೆಗಳಾದರೂ ಇವೆಯೆಂದು ರೋಗಿ ಹೇಳಬೇಕು, ಎರಡನ್ನಾದರೂ ವೈದ್ಯರು ಕಣ್ಣಾರೆ ಕಾಣಬೇಕು, ಬೇರೆ ಯಾವ ರೋಗವೂ ಇದಕ್ಕೆ ಕಾರಣವಲ್ಲವೆಂದು ತಿಳಿಯಬೇಕು. ಎಕ್ಸರೇಯಲ್ಲಿ ಏನೂ ಕಾಣದಿದ್ದರೆ ರೋಗವಿಲ್ಲವೆಂದು ಅರ್ಥವಲ್ಲ. ಕೈಗಳಲ್ಲಿ ಇದು ಹೆಚ್ಚು, ಕಾಲುಗಳಲ್ಲಿಯೂ ಬರುವದು. ಗಂಡಸರಿಗಿಂತ ಹೆಂಗಸರನ್ನು ಹೆಚ್ಚಾಗಿ ಹಿಡಿಯುವದು.

ಇಲ್ಲಿ ಒಂದು ಎಚ್ಚರಿಕೆ. ಕಟ್ಟು ಇರುವಾಗಲೇ ನೋವು ಏರುತ್ತಾ ಹೋಗಿ, ಬೆರಳು ಮರಗಟ್ಟಿ ಬಿಳುಪು ಇಲ್ಲವೆ ನೀಲಿಯಾದರೆ, ಇಲ್ಲವೆ ಬೆರಳನ್ನು ಮೆಲ್ಲಗೆ ಚಾಚಿದರೂ ತಾಳಲಾರದಷ್ಟು ನೋವಾದರೆ, ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಅದು ಬೇರೆ ಅಪಾಯ. ತಾಸುಗಳಲ್ಲಿ ಕೈ ಕೆಟ್ಟೀತು. ಜ್ವರವೂ ಕೀವೂ ಇದ್ದರೆ, ಇಲ್ಲವೆ ಕಾಲಿನ ಮೀನಖಂಡ ಒಮ್ಮೆಲೆ ಬಾತರೆ, ಆಗಲೂ ತಡಮಾಡಬಾರದು.

ಕಾರಣವೇನೆಂದರೆ, ಗಾಯ ಮಾಯ್ದರೂ ನರಗಳು ಅಪಾಯದ ಸುದ್ದಿಯನ್ನು ಕಳುಹಿಸುತ್ತಲೇ ಇರುವವು. ಮಿದುಳು ಅದನ್ನು ನಂಬಿ ಆ ಅಂಗವನ್ನು ಕಾಯುತ್ತಲೇ ಇರುವದು. ಕಳ್ಳನು ಹೋದ ಮೇಲೂ ರಾತ್ರಿಯೆಲ್ಲಾ ಬೊಗಳುವ ನಾಯಿಯ ಹಾಗೆ. ನೋವಿಗೆ ಹೆದರಿ ಕೈಯನ್ನು ಜೋಳಿಗೆಯಲ್ಲಿ ತೂಗಹಾಕಿಕೊಂಡೇ ಇದ್ದರೆ ಕೀಲು ಬಿಗಿಯುವದು, ಎಲುಬು ಸವೆಯುವದು, ನೋವು ಇನ್ನೂ ಬಲಿಯುವದು. ಆದದರಿಂದ ಮೊದಲನೆಯ ಮದ್ದು ಚಲನೆಯೇ. ಫಿಸಿಯೊಥೆರಪಿ ಬಲ್ಲವರು ತೋರಿಸಿದಂತೆ ದಿನಕ್ಕೆ ಹಲವು ಸಾರಿ ಸ್ವಲ್ಪ ಸ್ವಲ್ಪವಾಗಿ ಬೆರಳಾಡಿಸಬೇಕು. ಲೋಟ ಹಿಡಿಯುವದು, ಸೊಪ್ಪು ಬಿಡಿಸುವದು ಮುಂತಾದ ಹಗುರ ಕೆಲಸ ಮಾಡಬೇಕು. ಚರ್ಮಕ್ಕೆ ಸ್ಪರ್ಶವನ್ನು ಮತ್ತೆ ಕಲಿಸುವದಕ್ಕೆ ಮೊದಲು ಹತ್ತಿಯಿಂದ, ಆಮೇಲೆ ಮೆತ್ತನೆಯ ಬಟ್ಟೆಯಿಂದ, ಆಮೇಲೆ ಒರಟು ಟವಲಿನಿಂದ ಮೆಲ್ಲಗೆ ಸವರಬೇಕು. ಅಕ್ಕಿ ತುಂಬಿದ ಪಾತ್ರೆಯಲ್ಲಿ ಕೈಯಿಟ್ಟು ಆಡಿಸುವದೂ ಒಳ್ಳೇದು.

ಕನ್ನಡಿಯ ಉಪಾಯವೊಂದುಂಟು. ತಮಿಳುನಾಡಿನಲ್ಲಿ ಹುಟ್ಟಿದ ವಿ. ಎಸ್. ರಾಮಚಂದ್ರನ್ ಎಂಬ ವಿದ್ವಾಂಸರು ಕೈ ಕಳಕೊಂಡವರಿಗಾಗಿ ೧೯೯೦ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಆಮೇಲೆ ಈ ರೋಗಕ್ಕೂ ಉಪಯೋಗಕ್ಕೆ ಬಂತು. ಎದೆಯ ಮುಂದೆ ನೆಟ್ಟಗೆ ನಿಲ್ಲಿಸಿದ ಕನ್ನಡಿಯ ಹಿಂದೆ ನೋಯುವ ಕೈಯನ್ನು ಮರೆಮಾಡಿ, ಒಳ್ಳೇ ಕೈಯನ್ನು ಆಡಿಸುತ್ತಾ ಅದರ ನೆರಳನ್ನು ನೋಡಬೇಕು. ನೊಂದ ಕೈಯೇ ನೋವಿಲ್ಲದೆ ಆಡುತ್ತಿದೆ ಎಂದು ಮಿದುಳಿಗೆ ತೋರುವದು. ಕೆಲವರಿಗೆ ಇದರಿಂದ ಬಹಳ ಉಪಶಮನವಾಗುತ್ತದೆ, ಎಲ್ಲರಿಗೂ ಆಗುವದಿಲ್ಲ.

ಔಷಧಗಳು ಈ ಅಭ್ಯಾಸಕ್ಕೆ ಸಹಾಯಕವಾಗಿ ಮಾತ್ರ ಇವೆ. ನರಗಳ ನೋವಿಗೆ ಗ್ಯಾಬಪೆಂಟಿನ್ ಇಲ್ಲವೆ ಅಮಿಟ್ರಿಪ್ಟಿಲಿನ್ ಗುಳಿಗೆಯನ್ನೂ, ಹೊಸದಾಗಿ ಬಾತ ಕೈಗೆ ಕೆಲವು ದಿನಗಳ ಸ್ಟೀರಾಯ್ಡ್ ಗುಳಿಗೆಯನ್ನೂ ವೈದ್ಯರು ಕೊಡುವದುಂಟು. ಸಕ್ಕರೆ ಕಾಯಿಲೆಯುಳ್ಳವರು ಅದನ್ನು ಮುಂಚಿತವಾಗಿ ತಿಳಿಸಬೇಕು. ಅಂಗಡಿಯಿಂದ ತಾವೇ ಕೊಂಡು ನುಂಗಬಾರದು.

ನಮ್ಮ ಊರುಗಳಲ್ಲಿ ಎಣ್ಣೆ ಹಚ್ಚಿ ತಿಕ್ಕುವ ಕೈಗಳಿಗೆ ಬರವಿಲ್ಲ. ಆ ಪ್ರೀತಿಗೆ ನಾವು ಏನೂ ಅನ್ನುವದಿಲ್ಲ; ಆದರೆ ಇಂಥ ಕೈಯನ್ನು ಬಲವಾಗಿ ತಿಕ್ಕಿ ಎಳೆಯುವದು, ಬಿಗಿಯಾಗಿ ಬಿದಿರುಕಟ್ಟು ಕಟ್ಟುವದು, ಬರೆ ಹಾಕುವದು, ಇವುಗಳಿಂದ ಕೇಡೇ ಹೊರತು ಗುಣವಿಲ್ಲ. ಕೈಯನ್ನು ಕತ್ತರಿಸಿಬಿಟ್ಟರೂ ನೋವು ಹೋಗುವದೆಂಬ ಭರವಸೆಯಿಲ್ಲ.

ಅನೇಕರಿಗೆ ಮೊದಲಿನ ಒಂದು ವರುಷದೊಳಗೆ ಬಹಳ ಮಟ್ಟಿಗೆ ಗುಣವಾಗುವದು; ಕೆಲವರಿಗೆ ನೋವು ವರುಷಗಟ್ಟಳೆ ಉಳಿಯುವದು. ಆದಕಾರಣ ಕಟ್ಟು ಬಿಚ್ಚಿದ ಮೇಲೆಯೂ ಕೈ ಉರಿಯುತ್ತಾ ಬಾತೇ ಇದ್ದರೆ, ಎಲುಬಿನ ವೈದ್ಯರ ಬಳಿಗೆ ತಿರಿಗಿ ಹೋಗಿ, ಎರಡೂ ಕೈಗಳನ್ನು ಒಟ್ಟಿಗೆ ಚಾಚಿ ತೋರಿಸಿ, ಇದು ಸಿ.ಆರ್.ಪಿ.ಎಸ್. ಇರಬಹುದೋ ಎಂದು ಕೇಳಿರಿ. ಜೊತೆಗೆ ಮನೆಯವರೊಬ್ಬರು ಹೋಗಲಿ. ರಾತ್ರಿ ಅವಳು ಎಷ್ಟು ಸಾರಿ ಎದ್ದು ಕೂತಳೆಂಬುದನ್ನು ಅವರೇ ಹೇಳಲಿ.