ಅವ್ವನ ಮರೆವಿಗೆ ಕೌದಿ ಮದ್ದಾದೀತೇ?

ಪ್ರಶ್ನೆ: ನಮ್ಮ ಅವ್ವನಿಗೆ 69 ವರ್ಷ. ಅಪ್ಪ ತೀರಿಕೊಂಡ ಮೇಲೆ ಹಾವೇರಿ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಕರೆದುಕೊಂಡು ಬಂದಿದ್ದೇವೆ. ಈಗೀಗ ಹಾಲು ಕಾಯಿಸಲು ಇಟ್ಟದ್ದನ್ನು ಮರೆಯುತ್ತಾಳೆ, ಹೇಳಿದ್ದನ್ನೇ ಹೇಳುತ್ತಾಳೆ, ಉಳಿದ ಹೊತ್ತು ಟಿವಿ ಮುಂದೆ ಸುಮ್ಮನೆ ಕೂರುತ್ತಾಳೆ. ಮೆದುಳು ಚುರುಕಾಗುವ ಆಟಗಳ ಆ್ಯಪ್ ಹಾಕಿಕೊಟ್ಟರೆ ಮುಟ್ಟುವುದಿಲ್ಲ. ಊರಲ್ಲಿ ಓಣಿಯ ಹೆಂಗಸರ ಜೊತೆ ಕೌದಿ ಹೊಲಿಯುತ್ತಿದ್ದಳು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದಷ್ಟು ಜನ ಸೇರಿ ಚಿತ್ರ, ಕಸೂತಿ ಎಂದು ವಾರಕ್ಕೆರಡು ದಿನ ಕೂರುತ್ತಾರೆ. ಅಲ್ಲಿಗೆ ಕಳಿಸಿದರೆ ಮರೆವು ಕಡಿಮೆಯಾದೀತೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಖಂಡಿತ ಕಳಿಸಿ. ಆದರೆ ಅದಕ್ಕೂ ಮೊದಲು ವೈದ್ಯರಿಗೆ ತೋರಿಸಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಕೆಲವು ನಿದ್ರೆ ಮಾತ್ರೆಗಳು, ಕಿವಿ ಮಂದವಾಗಿರುವುದು – ಇವೆಲ್ಲ ಹೊರಗಿನಿಂದ ಮರೆವಿನ ಹಾಗೆಯೇ ಕಾಣುತ್ತವೆ. ಗಂಡನನ್ನೂ ಊರನ್ನೂ ಹೆಚ್ಚುಕಡಿಮೆ ಒಟ್ಟಿಗೇ ಕಳೆದುಕೊಂಡಿದ್ದಾರಲ್ಲ, ಖಿನ್ನತೆ ಇದೆಯೇ ಎಂದೂ ನೋಡಬೇಕು. ಖಿನ್ನತೆಗೆ ಚಿಕಿತ್ಸೆ ಕೊಟ್ಟಾಗ ಮರೆವೂ ಸುಧಾರಿಸುವುದು ಅಪರೂಪವೇನಲ್ಲ.

ಇನ್ನು ಕೌದಿಯ ಮಾತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಡಿಮೆನ್ಷಿಯಾ ಕುರಿತು ನೇಮಿಸಿದ ಆಯೋಗ 2024ರಲ್ಲಿ, ನಮ್ಮ ಕೈಯಲ್ಲಿ ಬದಲಾಯಿಸಲು ಸಾಧ್ಯವಿರುವ 14 ಅಪಾಯಕಾರಿ ಅಂಶಗಳನ್ನು ಗುರುತಿಸಿತು. ಅವೆಲ್ಲವನ್ನೂ ನಿಭಾಯಿಸಿದರೆ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎನ್ನುವುದು ಅದರ ಅಂದಾಜು. ಬಿಪಿ, ಸಕ್ಕರೆ ಕಾಯಿಲೆ, ಕಿವುಡುತನದ ಜೊತೆಗೆ ಜನರ ಒಡನಾಟ ಇಲ್ಲದಿರುವುದೂ ಆ ಪಟ್ಟಿಯಲ್ಲಿದೆ. ಕಲೆ ಎಂಬ ಹೆಸರು ಅಲ್ಲಿಲ್ಲ, ಹಾಗಾಗಿ ಕೌದಿಯನ್ನು ಔಷಧಿ ಎಂದು ನಾನು ಕರೆಯುವುದಿಲ್ಲ. ಆದರೂ ಒಡನಾಟ ಬೆಳೆಯಲು ಇದಕ್ಕಿಂತ ಸಲೀಸಾದ ದಾರಿ ನನಗೆ ಕಾಣುತ್ತಿಲ್ಲ. ಯಾರನ್ನಾದರೂ ‘ಹೋಗಿ ನಾಲ್ಕು ಜನರ ಜೊತೆ ಮಾತಾಡು’ ಎಂದು ಅಟ್ಟಿದರೆ ಮಾತು ಹುಟ್ಟುವುದಿಲ್ಲ. ಕೈಗೊಂದು ಕೆಲಸ ಕೊಟ್ಟರೆ ತಾನಾಗಿಯೇ ಹುಟ್ಟುತ್ತದೆ.

ಅವ್ವ ಕೌದಿ ಹಾಕುವುದನ್ನು ಎಂದಾದರೂ ಪಕ್ಕದಲ್ಲಿ ಕೂತು ನೋಡಿದ್ದೀರಾ? ಹಳೇ ಸೀರೆ, ದೋತರ ಪದರ ಪದರವಾಗಿ ಹಾಸಿ, ಸುಕ್ಕು ಬಾರದಂತೆ ಎಳೆದು, ಯಾವ ತುಂಡಿನ ಪಕ್ಕ ಯಾವ ಬಣ್ಣ ಎಂದು ನೋಡಿ, ಅಂಚು ಒಳಕ್ಕೆ ಮಡಚಿ, ಹಿಂದಿನ ಸಾಲಿಗೆ ಸಮವಾಗಿ ಮುಂದಿನ ಸಾಲು ಹೊಲಿಯಬೇಕು. ಕಣ್ಣು, ಬೆರಳು, ಅಂದಾಜು, ಯೋಜನೆ ಎಲ್ಲಕ್ಕೂ ಒಟ್ಟಿಗೇ ಕೆಲಸ. ನಡುನಡುವೆ ‘ಇದು ತಂಗಿ ಮದುವೆಯ ಸೀರೆ’ ಎಂದು ಒಬ್ಬರು ಶುರು ಮಾಡಿದರೆ ಆ ಮದುವೆಯ ಜಗಳವೆಲ್ಲ ಹೊರಬರುತ್ತದೆ. ನೆನಪಿಗೆ ಅದೇ ವ್ಯಾಯಾಮ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಹೂವಿನ ಹಾಗೆ ಮಡಿಸಿದ ಬಟ್ಟೆ ಇಡುತ್ತಾರೆ. ಅವಕಾಶ ಸಿಕ್ಕರೆ ಅವ್ವನಿಗೂ ತೋರಿಸಿ, ಖಂಡಿತ ಏನಾದರೊಂದು ತಪ್ಪು ಹುಡುಕುತ್ತಾರೆ!

ಕೌದಿಯ ಬಗ್ಗೆ ಸಂಶೋಧನೆ ಇದೆಯೇ ಎಂದು ಕೇಳಿದರೆ, ಅದರ ದೂರದ ನೆಂಟನ ಬಗ್ಗೆ ಇದೆ. ಅಮೆರಿಕದ ಟೆಕ್ಸಸ್‌ನಲ್ಲಿ 60 ದಾಟಿದವರಿಗೆ ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಕ್ವಿಲ್ಟ್ ಹೊಲಿಗೆ, ಡಿಜಿಟಲ್ ಫೋಟೋಗ್ರಫಿ ಕಲಿಸಿದರು. ಇನ್ನೊಂದು ಗುಂಪು ಹರಟೆ, ಆಟ, ತಿರುಗಾಟದಲ್ಲಿ ಅಷ್ಟೇ ಹೊತ್ತು ಕಳೆಯಿತು. 2014ರಲ್ಲಿ ಬಂದ ಫಲಿತಾಂಶದ ಪ್ರಕಾರ ಹೊಸದನ್ನು ಕಲಿತವರ ನೆನಪಿನ ಶಕ್ತಿ ಹೆಚ್ಚು ಸುಧಾರಿಸಿತ್ತು, ಅದರಲ್ಲೂ ಫೋಟೋಗ್ರಫಿ ಕಲಿತವರದು. ಅದೇ ವರ್ಷ ಜರ್ಮನಿಯಲ್ಲಿ, ಹತ್ತು ವಾರ ಕೂತು ಚಿತ್ರ ಬರೆದ ನಿವೃತ್ತರ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಗಟ್ಟಿಯಾದದ್ದು ಸ್ಕ್ಯಾನಿನಲ್ಲಿ ಕಂಡಿತು. ಮ್ಯೂಸಿಯಂನಲ್ಲಿ ಚಿತ್ರ ನೋಡಿ ಚರ್ಚಿಸಿದವರಲ್ಲಿ ಹಾಗಾಗಲಿಲ್ಲ. ಅದು ಬರೀ 28 ಜನರ ಅಧ್ಯಯನ, ಆದ್ದರಿಂದ ಹಿಗ್ಗುವುದೂ ಅಳತೆಯಲ್ಲಿರಲಿ.

ಕೌದಿ ಅವ್ವನಿಗೆ ನೀರು ಕುಡಿದಷ್ಟು ಸುಲಭ. ಮೆದುಳಿಗೆ ಸ್ವಲ್ಪ ಕಷ್ಟವೂ ಬೇಕು. ಹಾಗಾಗಿ ಆ ಗುಂಪಿನಲ್ಲಿ ಕೌದಿಯನ್ನು ಅವ್ವ ಕಲಿಸಲಿ, ಕಸೂತಿ ಗೊತ್ತಿಲ್ಲದಿದ್ದರೆ ಅದನ್ನು ಅವರಿಂದ ಕಲಿಯಲಿ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಅದರ ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಬೇಕು, ಎರಡೂ ಬದಿ ಒಂದೇ ಥರ ಕಾಣಬೇಕು. ಎಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ಆ್ಯಪಿನಿಂದ ಬಹುತೇಕ ಸುಧಾರಿಸುವುದು ಆ ಆಟದ ಚಾಕಚಕ್ಯತೆ ಮಾತ್ರ, ಹಾಲು ಉಕ್ಕುವುದು ನಿಲ್ಲುತ್ತದೆಂಬ ಭರವಸೆ ನನಗಿಲ್ಲ. ಗುಂಪಿಗೆ ಹೋಗುವ ಮುನ್ನ ಅವ್ವನ ಕನ್ನಡಕದ ನಂಬರ್ ಪರೀಕ್ಷಿಸಿ, ದೊಡ್ಡ ಕಣ್ಣಿನ ಸೂಜಿ ಕೊಡಿಸಿ. ಮೊದಲ ಕೆಲವು ದಿನ ನೀವೂ ಜೊತೆಗೆ ಹೋಗಿ ಕೂತುಕೊಳ್ಳಿ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, 72 ವರ್ಷ. ಚಿತ್ರ ಬರೆಯಲು ಬರುವುದಿಲ್ಲ. ಮನೆಯಲ್ಲೇ ಬಣ್ಣ ತುಂಬುವ ಪುಸ್ತಕ ಇಟ್ಟುಕೊಂಡರೆ ಸಾಕೇ?
– ಓದುಗ, ಪುತ್ತೂರು

ಉತ್ತರ: ಬರದಿದ್ದರೆ ನಷ್ಟವಿಲ್ಲ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಾಳ್ ಮತ್ತು ಸಂಗಡಿಗರು 39 ಜನರಿಗೆ 45 ನಿಮಿಷ ಜೇಡಿಮಣ್ಣು, ಬಣ್ಣ, ಕಾಗದ ಕೊಟ್ಟು ಕೂರಿಸಿದರು. ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿಯಿತು. ಅನುಭವಿಗೂ ಹೊಸಬನಿಗೂ ವ್ಯತ್ಯಾಸ ಕಾಣಲಿಲ್ಲ. ಪುಸ್ತಕಕ್ಕೆ ಬಣ್ಣ ತುಂಬಿ, ಮನಸ್ಸಿಗೆ ಹಿತ. ಆದರೆ ನಿಮ್ಮೂರಲ್ಲಿದ್ದುಕೊಂಡು ಒಬ್ಬರೇ ಕೂರುವುದೇಕೆ? ತಾಳಮದ್ದಳೆ ಸಂಘಕ್ಕೆ ಹೋಗಿ. ಪ್ರಸಂಗ ನೆನಪಿಟ್ಟು, ಎದುರಿನವರ ಮಾತು ಕೇಳಿ, ತಕ್ಷಣ ಅರ್ಥ ಹೇಳುವುದಕ್ಕಿಂತ ದೊಡ್ಡ ಕಸರತ್ತು ಯಾವುದಿದೆ? ಮಾತಾಡಲು ಅಂಜಿಕೆಯಾದರೆ ಭಜನಾ ಮಂಡಳಿಯಾದರೂ ಸರಿ.

ಪ್ರಶ್ನೆ: ಅತ್ತೆಗೆ ಡಿಮೆನ್ಷಿಯಾ ಇದೆ ಎಂದು ಎರಡು ವರ್ಷದ ಹಿಂದೆ ಗೊತ್ತಾಯಿತು. ಅಕ್ಕಪಕ್ಕದವರು ಹಬ್ಬಕ್ಕೆ ಸೇರಿ ರಂಗೋಲಿ ಹಾಕುವಾಗ ಇವರೂ ಹೋಗುತ್ತೇನೆನ್ನುತ್ತಾರೆ. ಬಿಡಬಹುದೇ?
– ಗೃಹಿಣಿ, ಮೈಸೂರು

ಉತ್ತರ: ಬಿಡಿ. ಕಾಯಿಲೆ ಗುಣವಾಗುವುದಿಲ್ಲ, ಆದರೆ ಆ ಹೊತ್ತು ಅವರಿಗೆ ಸಂತೋಷದ್ದು. ಹೆಸರು, ದಿನಾಂಕ ಮರೆತವರಿಗೂ ಕೈಗೆ ಪಳಗಿದ ಕೆಲಸ ಬಹುಕಾಲ ಉಳಿದಿರುತ್ತದೆ. ಚುಕ್ಕಿ ತಪ್ಪಿದರೆ ತಿದ್ದಬೇಡಿ, ‘ಇದು ಏನು ಹೇಳಿ ನೋಡೋಣ’ ಎಂದು ಪರೀಕ್ಷೆಯನ್ನೂ ಮಾಡಬೇಡಿ. ಬಗ್ಗಿ ಬೀಳುವ ಭಯವಿದ್ದರೆ ಕುರ್ಚಿಯಲ್ಲಿ ಕೂರಿಸಿ, ಮೇಜಿನ ಮೇಲೆ ಹಲಗೆ ಇಡಿ. ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿದ್ದರೆ ಕಲ್ಲಿನ ಪುಡಿಯ ಬದಲು ಅಕ್ಕಿ ಹಿಟ್ಟು ಕೊಡಿ. ಸಂಜೆ ಗೊಂದಲ ಹೆಚ್ಚಾಗುತ್ತಿದ್ದರೆ ಬೆಳಗ್ಗೆಯೇ ಕರೆದೊಯ್ಯಿರಿ. ಅವರನ್ನು ನೋಡಿಕೊಂಡು ನಿಮಗೇ ಸಾಕುಸಾಕಾಗಿದ್ದರೆ ಟೆಲಿಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.